ಕೂದಲೆಳೆಯಷ್ಟು ಆಟ

ನಮ್ಮ ಭಾವನಿಗೆ ನಾನಿಟ್ಟ ಹೆಸರು ಕೂದಲೆಳೆ. ಮುಖದೆದುರೇ ಹಾಗೆ ಕರೆಯುತ್ತೇನೆ. ಅಕ್ಕನ ಗಂಡನನ್ನು ಚುಡಾಯಿಸುವ ಹಕ್ಕು ತಂಗಿಗಲ್ಲದೆ ಇನ್ನಾರಿಗೆ? ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವುದು ಅವರ ಕೆಲಸವಾಗಿತ್ತು. ಕೊಳವೆ ಎಲ್ಲಿ ತಿರುಗಬೇಕು, ಎಲ್ಲಿ ಇಳಿಯಬೇಕು ಎಂದು ಕಾಗದದ ಮೇಲೆ ಗೆರೆ ಎಳೆಯುತ್ತಲೇ ನಿವೃತ್ತರಾದರು. ಅಗೆದವರು, ಬೆಸೆದವರು ಬೇರೆಯವರು. ಗೋಡೆಯ ಪಟ ವಾರೆಯಾಗಿ ಕಂಡರೆ ಊಟದ ನಡುವೆ ಎಡಗೈಯಲ್ಲಿ ಸರಿಪಡಿಸಿ ಬರುವ ಮನುಷ್ಯ. "ಕೂದಲೆಳೆಯಷ್ಟು ವ್ಯತ್ಯಾಸ ಇದೆ" ಎನ್ನುವುದು ಅವರ ಪಲ್ಲವಿ. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನಗೆ ಸಿಟ್ಟು ಬರುತ್ತದೆ.

ನಮ್ಮಪ್ಪ ದರ್ಜಿ. ಅವರ ಕೈತಿರುಗಣೆಯ ಹೊಲಿಗೆ ಯಂತ್ರ ಅಕ್ಕನ ಪಾಲಿಗೆ ಬಂತು. ನನಗೆ ಗುಂಡಿ ಹಾಕಲೂ ಸೋಮಾರಿತನ, ಆದ್ದರಿಂದ ಜಗಳವಾಗಲಿಲ್ಲ. ಅಕ್ಕ ಅದರಲ್ಲಿ ಬೀದಿಯವರಿಗೆಲ್ಲ ಹೊಲಿದಳು. ಒಂದು ದಿನ ಯಂತ್ರದ ಹೊಟ್ಟೆಯೊಳಗೆ ಟಕ್ ಎಂದಿತು, ಸೂಜಿ ಮೇಲೆ ಕೆಳಗೆ ಆಡಿದರೂ ಬಟ್ಟೆ ಮುಂದಕ್ಕೆ ಸರಿಯದೆ ನಿಂತಿತು. ಬಿಚ್ಚಿ ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಲೋಹದ ಬಿಲ್ಲೆಯೊಂದು ಸೀಳಿಹೋಗಿತ್ತು. ಉರುಟು ಮೂಲೆಗಳ ಆ ಬಿಲ್ಲೆ ಎರಡು ಕವಲಿನ ಕಬ್ಬಿಣದ ಕವೆಯೊಂದರ ನಡುವೆ ಸುತ್ತುತ್ತದೆ, ಅದು ತಳ್ಳಿದಂತೆ ಕವೆ ಹಿಂದೆ ಮುಂದೆ ಆಡುತ್ತದೆ, ಆಗ ಬಟ್ಟೆ ಸರಿಯುತ್ತದೆ. ರಿಪೇರಿ ಅಂಗಡಿಯವನು ಇಂಥ ಬಿಲ್ಲೆ ಈಗ ಎಲ್ಲೂ ಸಿಗುವುದಿಲ್ಲ, ಯಂತ್ರದ ಮೇಲೆ ಹೂಕುಂಡ ಇಟ್ಟುಕೊಳ್ಳಿ, ಚೆನ್ನಾಗಿ ಕಾಣುತ್ತದೆ ಎಂದು ಕೈತೊಳೆದುಕೊಂಡ.

ಅದೇ ಹೊತ್ತಿಗೆ ಅಕ್ಕ ಹೊಸ್ತಿಲು ಎಡವುವುದಕ್ಕೆ ಶುರುಮಾಡಿದ್ದಳು. ಕಣ್ಣಿನ ವೈದ್ಯರು ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಿದೆ ಎಂದರು. ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದು ಎಷ್ಟು ಕಾಲ ನಿಲ್ಲುತ್ತದೆಂದು ಹೇಳಲಾಗದು. ಅಕ್ಕ ಅಳಲಿಲ್ಲ. ಮನೆಗೆ ಬಂದು ಟ್ರಂಕು ತೆಗೆದು, ಅಮ್ಮನ ಹಳೆಯ ಬಟ್ಟೆಗಳನ್ನು ಹೊರಗಿಟ್ಟು, ಚೌಕ ಚೌಕ ತುಂಡು ಕತ್ತರಿಸಿದಳು. ಎಲ್ಲ ಜೋಡಿಸಿ ಒಂದು ಹೊದಿಕೆ ಹೊಲಿಯಬೇಕು, ಬಣ್ಣದ ಪಕ್ಕದಲ್ಲಿ ಬಣ್ಣ ತಾನೇ ನೋಡಿ ಇಡಬೇಕು, ಅದೂ ಅಪ್ಪನ ಯಂತ್ರದಲ್ಲೇ ಆಗಬೇಕು. ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಭಾವ ಎದೆ ತಟ್ಟಿಕೊಂಡರು. ಆ ಬಿಲ್ಲೆಯನ್ನು ತಾನೇ ಮಾಡಿಕೊಡುತ್ತೇನೆ, ಅದಕ್ಕೆ ಬೇಕಾದ ಯಂತ್ರವನ್ನೂ ತಾನೇ ಕಟ್ಟುತ್ತೇನೆ ಎಂದರು. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ನೋಡಿಕೊಂಡು ತಾನಾಗಿ ಲೋಹ ಕೆತ್ತುವ ಸಿಎನ್‌ಸಿ ಯಂತ್ರ, ಹವ್ಯಾಸಿಗಳು ಮನೆಯಲ್ಲೇ ಕಟ್ಟುತ್ತಾರಂತೆ. ಜೀವಮಾನವೆಲ್ಲ ಗೆರೆ ಎಳೆದ ಮನುಷ್ಯನಿಗೆ, ಗೆರೆ ತಾನೇ ವಸ್ತುವಾಗಿ ಕೈಗೆ ಬರುತ್ತದೆ ಎಂದರೆ ಎಂಥ ಆಸೆ ಹುಟ್ಟಿರಬೇಕು! ಅದು ನನಗೂ ಅರ್ಥವಾಗುತ್ತದೆ.

ಅಡುಗೆಮನೆಯ ಹಿಂದಿನ ಉಗ್ರಾಣ ಖಾಲಿಯಾಯಿತು. ಹಳೆಯ ಬಾಗಿಲಿನ ಹಲಗೆಯಿಂದ ಚೌಕಟ್ಟು, ಹಾರ್ಡ್‌ವೇರ್ ಅಂಗಡಿಯಿಂದ ಉದ್ದಕ್ಕೂ ಸ್ಕ್ರೂವಿನಂತೆ ತಿರುಪು ಕೊರೆದ ಮರೆಸರಳು, ಗುಜರಿಗೆ ಹೋದ ಪ್ರಿಂಟರುಗಳ ಮೋಟಾರು. ವೈರುಗಳನ್ನು ಮಾತ್ರ ಬಣ್ಣಬಣ್ಣವಾಗಿ ಜಡೆ ಹೆಣೆದಿದ್ದರು. ಅದು ಮೊದಲ ಬಾರಿ ತಾನಾಗಿ ಚಲಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಶೆಲ್ಫಿನ ಲೋಟಗಳೂ ಗಲಗಲ ಎಂದವು. ಕಿರುಚುತ್ತಾ, ಹೊಗೆಯಾಡುತ್ತಾ, ಮಧ್ಯೆ ಮಧ್ಯೆ ಮುನಿಸಿಕೊಳ್ಳುತ್ತಾ ಕೊನೆಗೆ ಅದೊಂದು ಅಲ್ಯೂಮಿನಿಯಂ ಬಿಲ್ಲೆಯನ್ನು ಹೆತ್ತಿತು. ಅಂಚೆಲ್ಲ ಒರಟು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಮುಗುಳ್ನಕ್ಕಳು. ಭಾವ ಕಿತ್ತುಕೊಂಡು ಅಳತೆಪಟ್ಟಿಗೆ ಹಿಡಿದರು, ಮುಖ ಸಪ್ಪಗಾಯಿತು.

"ಕಮ್ಮಿ ಬಂದಿದೆ. ಸ್ಕ್ರೂನಲ್ಲಿ ಆಟ ಇದೆ."

ಮರೆಸರಳಿಗೂ ಅದರ ನಟ್ಟಿಗೂ ನಡುವೆ ಸಡಿಲವಿದ್ದರೆ ಅದಕ್ಕೆ ಆಟ ಎನ್ನುತ್ತಾರೆ ಮೆಕ್ಯಾನಿಕ್ಕುಗಳು. ಮೋಟಾರು ತಿರುಗಿದರೂ ಉಳಿ ಒಂದು ಗಳಿಗೆ ಸೋಮಾರಿಯಾಗಿ ನಿಂತು ಆಮೇಲೆ ಹೊರಡುತ್ತದಂತೆ, ಅದರಿಂದಲೇ ಅಳತೆ ತಪ್ಪುತ್ತದಂತೆ. ಅಕ್ಕ ಒಂದು ಸಲ ಹೊಲಿಗೆ ಯಂತ್ರಕ್ಕೆ ಹಾಕಿ ನೋಡೋಣವೇ ಎಂದಳು.

"ಅಳತೇನೇ ಸರಿಯಿಲ್ಲ ಅಂದ್ಮೇಲೆ ಹಾಕಿ ನೋಡೋದೇನು? ಇನ್ನೊಂಚೂರು ತಡಿ. ಈ ಆಟ ತೆಗೆದುಬಿಡ್ತೀನಿ."

ಬಿಲ್ಲೆ ಕಸದ ಬುಟ್ಟಿಗೆ ಹೋಯಿತು. ಅಕ್ಕ ಅದನ್ನು ಅಲ್ಲಿಂದ ಎತ್ತಿ ಗುಂಡಿ ಡಬ್ಬಿಯಲ್ಲಿ ಹಾಕಿದಳು. ಗಂಡ ಮೊದಲ ಬಾರಿಗೆ ಕೈಯಾರೆ ಮಾಡಿದ್ದು, ಇರಲಿ ಎಂದಳು.

ಅಲ್ಲಿಂದ ಶುರುವಾಯಿತು ನೋಡಿ. ಮರೆಸರಳು ಹೋಗಿ, ನಟ್ಟಿನೊಳಗೆ ಸಣ್ಣ ಗುಂಡುಗಳು ಉರುಳುವ, ಸಡಿಲವೇ ಇಲ್ಲದ ಸ್ಕ್ರೂ ಬಂತು. ಸ್ಕ್ರೂ ಗಟ್ಟಿಯಾದಮೇಲೆ ಮರದ ಚೌಕಟ್ಟು ಬಾಗುತ್ತದೆಂದು ಗೊತ್ತಾಯಿತು. ಮರ ಹೋಗಿ ಅಲ್ಯೂಮಿನಿಯಂ ಬಂತು. ಅಲ್ಯೂಮಿನಿಯಂ ನಡುಗುತ್ತದೆಂದು ಅದರ ಬುಡಕ್ಕೆ ಕಾಂಕ್ರೀಟು ಸುರಿದರು. ಭಾರ ಹೆಚ್ಚಾಯಿತೆಂದು ಮೋಟಾರು ಬದಲಾಯಿತು, ಮೋಟಾರು ಬದಲಾಯಿತೆಂದು ಅದನ್ನು ಹಿಡಿಯುವ ತೊಟ್ಟಿಲು ಬದಲಾಯಿತು. ಆ ತೊಟ್ಟಿಲನ್ನೂ ಅದೇ ಯಂತ್ರದಲ್ಲೇ ಕೆತ್ತಿದರು. ಆ ಯಂತ್ರ ಕೆತ್ತಿದ್ದೆಲ್ಲ ತನ್ನ ಮೈಗೆ ಬೇಕಾದದ್ದನ್ನೇ. ಇಷ್ಟು ಸ್ವಾರ್ಥದ ಕಬ್ಬಿಣವನ್ನು ನಾನು ಕಂಡಿಲ್ಲ ಎಂದರೆ, ಭಾವ ನಗುತ್ತಿದ್ದರು. ಮನೆಯಲ್ಲಿ ಲೋಹದ ಪುಡಿ ಇಲ್ಲದ ಜಾಗವಿರಲಿಲ್ಲ. ಕಾಲೊರೆಸಿನಲ್ಲಿ, ದಿಂಬಿನಲ್ಲಿ, ಒಮ್ಮೆ ನನ್ನ ಟೀಯಲ್ಲಿ.

ನಾನು ಹೋದಾಗಲೆಲ್ಲ ಅಕ್ಕ ಇನ್ನಷ್ಟು ಮೆಲ್ಲಗೆ ನಡೆಯುತ್ತಿದ್ದಳು. ಮೊದಲು ಮಂದ ಬೆಳಕಿನಲ್ಲಿ ಗೋಡೆ ಸವರುತ್ತಿದ್ದವಳು ಆಮೇಲೆ ಹಗಲಲ್ಲೂ ಸವರಿದಳು. ಎದುರಿಗೆ ಕೂತರೆ ಮಾತ್ರ ನನ್ನ ಮುಖ ಕಾಣುತ್ತಿತ್ತು, ಪಕ್ಕಕ್ಕೆ ಸರಿದರೆ ನಾನಿಲ್ಲ. ಹೊಸ ಹೊಲಿಗೆ ಯಂತ್ರ ನಾನೇ ತಂದುಕೊಡುತ್ತೇನೆ, ಕಣ್ಣಿರುವಾಗಲೇ ಹೊಲಿದು ಮುಗಿಸು ಎಂದು ಜಗಳಕ್ಕೇ ನಿಂತೆ. ಅವಳು ಉಗ್ರಾಣದ ಕಡೆ ಕಿವಿಗೊಟ್ಟು ದನಿ ತಗ್ಗಿಸಿದಳು.

"ಹೊಸದು ತಂದ್ರೆ, ನಿಮ್ಮ ಕೈಲಿ ಆಗಲ್ಲ ಅಂತ ಅವರ ಮುಖಕ್ಕೆ ಹೇಳ್ದಂಗೆ. ನನ್ನಿಂದ ಆಗಲ್ಲ ಕಣೇ."

ನಾನು ಸೀದಾ ಉಗ್ರಾಣಕ್ಕೆ ಹೋಗಿ, ಕೂದಲೆಳೆ ಭಾವ, ನಿಮ್ಮ ಆಟ ಮುಗಿಯುವುದು ಯಾವಾಗ ಎಂದು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ, ಇನ್ನೊಂಚೂರು ಎಂದರು. ಅವಳಿಗೆ ಅರೆಬರೆ ಮಾಡಿ ಕೊಡುವುದಕ್ಕೆ ಮನಸ್ಸು ಬಾರದು ಎಂದರು. ಸುಳ್ಳಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ನನಗೆ ಸಿಟ್ಟು ಬರುವುದು ಇಲ್ಲೇ. ಸೋಮಾರಿಯಾಗಿದ್ದರೆ ಬೈದು ಮಾಡಿಸಬಹುದಿತ್ತು. ಪ್ರೀತಿಯಿಂದಲೇ ತಡಮಾಡುವವರನ್ನು ಏನೆಂದು ಬೈಯುವುದು?

ಕಡೆಗೂ ಆ ದಿನ ಬಂತು. ಬೆಳಿಗ್ಗೆ ಫೋನು ಮಾಡಿ ಕರೆಸಿಕೊಂಡರು. ಹಜಾರದ ಕಿಟಕಿಯ ಬಳಿ ಅಪ್ಪನ ಯಂತ್ರವನ್ನು ಒರೆಸಿ ಇಟ್ಟಿದ್ದರು. ಉಕ್ಕಿನ ಬಿಲ್ಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುರಿದ ತುಂಡುಗಳನ್ನು ಅಳೆದು, ಸವೆದದ್ದೆಷ್ಟು ಎಂದು ಲೆಕ್ಕ ಹಾಕಿ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿದ್ದೇನೆ ಎಂದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅಕ್ಕ ಆಗ ಬೆಳಕು ಯಾವ ಕಡೆಗಿದೆ ಎನ್ನುವುದನ್ನಷ್ಟೇ ಗುರುತಿಸುತ್ತಿದ್ದಳು. ಹೊಸ ಸೀರೆ ಉಟ್ಟವಳ ಹಾಗೆ ಸಂಭ್ರಮದಿಂದ ಸ್ಟೂಲಿನ ಮೇಲೆ ಕೂತಳು.

ಭಾವ ಬಿಲ್ಲೆ ಕೂರಿಸಿ, ಸ್ಕ್ರೂ ಬಿಗಿದು, ತಿರುಗಿಸು ಎಂದರು. ಹಿಡಿ ಅರ್ಧ ಸುತ್ತು ಬಂದು ಕಚ್ಚಿಕೊಂಡಿತು. ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತಂದಳು. ಮತ್ತೆ ಅಲ್ಲೇ ಕಚ್ಚಿತು. ಅವರು ಬಿಲ್ಲೆ ತೆಗೆದು ಮತ್ತೆ ಅಳೆದರು, ಅಳತೆ ಸರಿಯಾಗಿಯೇ ಇತ್ತು. ಭೂತಗನ್ನಡಿ ಹಿಡಿದು ಒಳಗಿನ ಕವೆಯನ್ನು ನೋಡುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದರು. ಕವೆಯ ಹೊರಮೈಯಲ್ಲಿ ಸುತ್ತಿಗೆ ಪೆಟ್ಟಿನ ಗುರುತುಗಳಿವೆ ಎಂದರು.

"ಅಪ್ಪ ತಟ್ತಾ ಇದ್ದಿದ್ದು," ಎಂದಳು ಅಕ್ಕ. "ಸಡಿಲ ಆದಾಗೆಲ್ಲ ಬಿಚ್ಚಿ, ಮೆತ್ತಗೆ ತಟ್ಟಿ ಕೂರಿಸ್ತಿದ್ರು. ನೀವು ಕೇಳ್ಲೇ ಇಲ್ವಲ್ಲ."

ಬಿಲ್ಲೆ ಸವೆದಂತೆಲ್ಲ ಅಪ್ಪ ಕವೆಯನ್ನು ಅಷ್ಟಷ್ಟೇ ಕಿರಿದುಮಾಡುತ್ತಾ ಬಂದಿದ್ದರು. ಎರಡೂ ಜೊತೆಯಾಗಿ ಮುದಿಯಾಗಿದ್ದವು. ಭಾವ ಅದರಲ್ಲಿ ಒಂದಕ್ಕೆ ಮಾತ್ರ ಯೌವನ ತಂದುಕೊಟ್ಟಿದ್ದರು. ಉಜ್ಜಿ ಸರಿಮಾಡುತ್ತೇನೆ ಎಂದು ಅವರು ಉಗ್ರಾಣಕ್ಕೆ ಎದ್ದರು. ಅಕ್ಕ ಕೈಚಾಚಿ ಅವರ ಅಂಗಿ ಹಿಡಿದಳು.

"ರೀ, ಗುಂಡಿ ಡಬ್ಬೀಲಿ ಮೊದಲನೇದು ಇದೆ. ಅದನ್ನೊಂದ್ಸಲ ಹಾಕಿ."

ಡಬ್ಬಿಯನ್ನು ನಾನೇ ತಂದೆ. ಗುಂಡಿಗಳ ನಡುವೆ ಅಕ್ಕನ ಬೆರಳು ಅದನ್ನು ತಕ್ಷಣ ಹುಡುಕಿತು. ಒರಟು ಅಂಚಿನ ಅಲ್ಯೂಮಿನಿಯಂ ಬಿಲ್ಲೆ. ಭಾವ ಅದನ್ನು ಕೂರಿಸಿ ಸ್ಕ್ರೂ ಬಿಗಿದರು. ಅಕ್ಕ ಹಿಡಿ ತಿರುಗಿಸಿದಳು. ಸ್ವಲ್ಪ ಕಟಕಟ ಎಂದಿತು, ಆಮೇಲೆ ನಮ್ಮ ಬಾಲ್ಯದ ಮನೆಯ ಸದ್ದು ಹಜಾರದ ತುಂಬ ತುಂಬಿಕೊಂಡಿತು. ಬಟ್ಟೆಯ ಚೂರೊಂದು ಸರಾಗವಾಗಿ ಸರಿಯಿತು, ಹೊಲಿಗೆ ನೆಟ್ಟಗೆ ಬಿತ್ತು. ಅಪ್ಪ ಬಿಗಿಮಾಡಿದ ಕವೆಗೆ ಕಮ್ಮಿ ಬಂದ ಬಿಲ್ಲೆಯೇ ಸರಿಹೋಗಿತ್ತು. ಅಂದೇ ಹಾಕಿ ನೋಡಿದ್ದರೆ ಅಂದೇ ಓಡುತ್ತಿತ್ತು.

ಭಾವ ನೆಲದ ಮೇಲೆ ಕೂತುಬಿಟ್ಟರು. ಅವರನ್ನು ಹಂಗಿಸುವುದಕ್ಕೆ ನಾನು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಆ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ. ಅಯ್ಯೋ ಪಾಪ ಅನ್ನಿಸಿತು, ಇಬ್ಬರನ್ನೂ ಕಂಡು.

ಅಕ್ಕ ಮಾತ್ರ ಹೊಲಿಗೆಯನ್ನು ಬೆರಳಿನಿಂದ ಸವರಿ, ಚೆನ್ನಾಗಿ ಬಂದಿದೆ ಎಂದಳು. ಆಮೇಲೆ ಟ್ರಂಕು ಹತ್ತಿರ ತರಿಸಿ, ಮೇಲಿನ ತುಂಡನ್ನು ಎತ್ತಿ ಗಂಡನ ಕಡೆ ಹಿಡಿದಳು.

"ಇದು ಯಾವ ಬಣ್ಣ?"

"ನೀಲಿ."

"ಎಂಥ ನೀಲಿ? ಅಮ್ಮನ ಹತ್ರ ಎಷ್ಟೊಂದು ನೀಲಿ ಇತ್ತು."

ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ನೀಲಿ ತುಂಡು ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಎರಡಕ್ಕೂ ವ್ಯತ್ಯಾಸವಿತ್ತು, ನನಗೆ ದೂರದಿಂದಲೇ ಕಾಣುತ್ತಿತ್ತು. ಅದನ್ನು ಹೇಳಲು ಅವರಿಗೆ ಮಾತು ಸಿಗಲಿಲ್ಲ, ನಾನು ಬಾಯಿ ತೆರೆದರೆ ನನಗೂ ಸಿಗಲಿಲ್ಲ.

"ನೀಲಿ ಅಂದ್ರೆ... ನೀಲಿನೇ ಕಣೇ," ಎಂದರು.

ಅಕ್ಕ ತುಂಡನ್ನು ಇಸಿದುಕೊಂಡು, ಮೂಲೆಗೆ ಮೂಲೆ ಸರಿಯಾಗಿ ಮಡಿಸಿ, ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು.