ಗಡ್ಡ ಬೇರೆ, ಗಡ್ಡೆ ಬೇರೆ

ಬೀದಿ ಮೂಲೆಯ ಕಟಿಂಗ್ ಶಾಪಿನವನನ್ನು ಎಲ್ಲರೂ ಕರೆಯುವುದು ನೀಟಣ್ಣ ಎಂದು. ಗಿರಾಕಿಯ ಕಿವಿಯ ಮೇಲೆ ಒಂದೇ ಒಂದು ಕೂದಲು ಎದ್ದು ನಿಂತಿದ್ದರೂ ಅವನಿಗೆ ಆವತ್ತು ಊಟ ಸೇರುವುದಿಲ್ಲ. ಇಂಥವನ ಕೈಗೆ ಅಕ್ಕ ಹೂವಿನ ಗಡ್ಡೆಯ ಕುಂಡ ತಂದುಕೊಟ್ಟಳಲ್ಲ, ಅವಳಿಗೆ ಏನು ಹೇಳೋಣ! ತೀರಿಹೋದ ಅಮ್ಮ ನಲವತ್ತು ವರ್ಷ ಕಿಟಕಿಯಲ್ಲಿಟ್ಟು ಸಾಕಿದ ಗಡ್ಡೆ ಅದು. ಅಕ್ಕನ ಮನೆಗೆ ಬಿಸಿಲು ಬೀಳುವುದಿಲ್ಲ, ಶಾಪಿಗೆ ಬೇಡವೆಂದರೂ ಬೀಳುತ್ತದೆ.

ಮೊದಲ ವರ್ಷ ನಾಲ್ಕು ಕೆಂಪು ಹೂ ಬಿಟ್ಟಿತು, ಒಂದೊಂದೂ ಅಂಗೈಯಗಲ. ಗಿರಾಕಿಗಳು ಕನ್ನಡಿ ಬಿಟ್ಟು ಕಿಟಕಿ ನೋಡುತ್ತಾ ಕೂತರು. ಆಮೇಲೆ ಹೂ ಬಾಡಿ, ಉದ್ದನೆಯ ಎಲೆಗಳು ಅತ್ತೊಂದು ಇತ್ತೊಂದು ಜೋತುಬಿದ್ದವು. ನೀಟಣ್ಣ ಎರಡು ದಿನ ತಡೆದುಕೊಂಡ. ಮೂರನೆಯ ದಿನ ಬಾಚಣಿಗೆ ಹಿಡಿದು, ಚಕಚಕ ಕತ್ತರಿ ಆಡಿಸಿ, ಬುಡಕ್ಕೆ ಸಮನಾಗಿ ಬೋಳಿಸಿಯೇಬಿಟ್ಟ. ಮರುವರ್ಷ ಮೊಗ್ಗಿನ ಸುಳಿವೇ ಇಲ್ಲ, ಬರೀ ಎಲೆ.

ಅಕ್ಕ ಬಂದು ಹಣೆ ಚಚ್ಚಿಕೊಂಡಳು. “ಗಡ್ಡೆಯ ಹೊಟ್ಟೆ ತುಂಬಿಸೋದೇ ಆ ಎಲೆ ಕಣೋ! ತಾನಾಗಿ ಒಣಗೋವರೆಗೂ ಮುಟ್ಟಬೇಡ. ಆಮೇಲೆ ಎರಡು ತಿಂಗಳು ಕತ್ತಲಲ್ಲಿಡು, ತೊಟ್ಟು ನೀರೂ ಹಾಕಬೇಡ. ಮುಂದಿನ ಸಲವೂ ಹೂ ಬರದಿದ್ರೆ ನಾನೇ ಎತ್ಕೊಂಡು ಹೋಗ್ತೀನಿ.”

ಅಮ್ಮನದು ಅಂತ ಅವನ ಬಳಿ ಉಳಿದಿದ್ದದ್ದು ಅದೊಂದೇ.

ಅಯ್ಯೋ ಪಾಪ, ಆಮೇಲಿನ ಐದು ತಿಂಗಳು! ಎಲೆಗಳು ಕುರ್ಚಿಯಲ್ಲಿ ಕೂತವರ ಕಿವಿಗೆ ಕಚಗುಳಿ ಇಟ್ಟವು. “ಮೊದಲು ಅದಕ್ಕೆ ಕಟಿಂಗ್ ಮಾಡಪ್ಪ, ನಾನು ಕಾಯ್ತೀನಿ” ಎಂದು ಪಕ್ಕದಂಗಡಿಯ ಟೈಲರ್ ಛೇಡಿಸಿದ. ಕೈ ಸುಮ್ಮನಿರಬೇಕಲ್ಲ! ನೀಟಣ್ಣ ತನ್ನ ಮೀಸೆಯನ್ನೇ ದಿನಕ್ಕಿಷ್ಟು ಸರಿಮಾಡಲು ಹೋಗಿ, ತಿಂಗಳಲ್ಲಿ ಮೀಸೆಯೇ ಇಲ್ಲವಾಯಿತು. ಒಂದು ದಿನ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಟೈಲರ್ “ಬೇಗ ಗಡ್ಡ ತೆಗಿಯಪ್ಪ” ಎಂದದ್ದೇ ತಡ, “ಗಡ್ಡೆ ಮುಟ್ಟಿದ್ರೆ ಕೈ ಮುರೀತೀನಿ!” ಎಂದು ನೀಟಣ್ಣ ಕುಂಡಕ್ಕೆ ಅಡ್ಡ ನಿಂತ. ಟೈಲರ್ ನೊರೆ ಸಮೇತ ಬೀದಿಗೆ ಓಡಿದ.

ಕೊನೆಗೂ ಎಲೆಗಳು ಒಣಗಿ ಉದುರಿದವು. ಕುಂಡ ಎರಡು ತಿಂಗಳು ಟವೆಲಿನ ಕಪಾಟಿನಲ್ಲಿ ಮಲಗಿತು. ಹೊರಗೆ ತೆಗೆದು ನೀರು ಹಾಕಿದ ಹತ್ತನೆಯ ದಿನ ಗಡ್ಡೆಯ ನೆತ್ತಿಯಲ್ಲಿ ಹಸಿರು ಮೂತಿಯೊಂದು ಕಂಡಿತು. ಎಲೆಯೋ, ಮೊಗ್ಗೋ? ಶಾಪಿಗೆ ಬಂದವರೆಲ್ಲ ಬಗ್ಗಿ ನೋಡಿ ತಲೆಗೊಂದು ಮಾತು ಹೇಳಿದರು. ನೀಟಣ್ಣನ ಜೀವ ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಅಕ್ಕ ಕುಂಡ ಒಯ್ಯಲು ಚೀಲ ಹಿಡಿದೇ ಬಂದಳು. ಕನ್ನಡಕ ಏರಿಸಿ ನೋಡಿದಳು. “ಎಲೆಯಾಗಿದ್ರೆ ಚಪ್ಪಟೆ ಇರ್ತಿತ್ತು. ಇದು ದಪ್ಪಗಿದೆ. ಮೊಗ್ಗು ಕಣೋ!”

ನೀಟಣ್ಣ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತು ಗಳಗಳನೆ ಅತ್ತ. ಅಕ್ಕ ಚೀಲ ಮಡಚಿಟ್ಟು, ಟವೆಲ್ ಕೊಟ್ಟಳು.

“ನೀನು ನಾಲ್ಕು ವರ್ಷದವನಿದ್ದಾಗಲೂ ಇದನ್ನ ಹೀಗೇ ಬೋಳಿಸಿದ್ದೆ, ಅಡುಗೆಮನೆ ಕತ್ತರಿ ತಗೊಂಡು. ಆ ಸಲವೂ ಹೂ ಬರ್ಲಿಲ್ಲ.”

“ಅಮ್ಮ ಹೊಡೆದ್ಲಾ?”

“ಎಲ್ಲಿ ಹೊಡೆದ್ಲು! ‘ಎಷ್ಟು ನೀಟಾಗಿ ಕತ್ತರಿಸಿದ್ದಾನೆ ನೋಡೇ, ಇವನ್ನ ಕಟಿಂಗ್ ಕೆಲಸಕ್ಕೇ ಹಾಕೋಣ’ ಅಂದ್ಲು.”