ಸ್ಪೀಡಣ್ಣ ಏರಿಸಿದ ಕಾರ್ಡು

ಗಿರಾಕಿ ಕಂಪ್ಯೂಟರನ್ನು ಮೇಜಿನ ಮೇಲಿಡುವ ಮೊದಲೇ ಸ್ಪೀಡಣ್ಣನ ಪ್ರಶ್ನೆ ಸಿದ್ಧ: "ಗ್ರಾಫಿಕ್ಸ್ ಕಾರ್ಡಿನ ಸ್ಪೀಡ್ ಏರಿಸಿದೀರಾ?" ಇಪ್ಪತ್ತು ವರ್ಷದ ರಿಪೇರಿಯಲ್ಲಿ ಅವನು ಕಂಡುಕೊಂಡದ್ದಿಷ್ಟೇ. ಕಂಪನಿ ಕೊಟ್ಟ ವೇಗ ಸಾಲದೆಂದು ಜನ ಏರಿಸುತ್ತಾರೆ, ನಾಲ್ಕು ದಿನ ಕುಣಿದಾಡುತ್ತಾರೆ, ಆಮೇಲೆ ಆಟ ಅರ್ಧಕ್ಕೇ ಪಟ್ಟನೆ ಮುಚ್ಚಿಕೊಂಡರೆ ಗೇಮಿಗೆ ಶಾಪ ಹಾಕುತ್ತಾರೆ. ಹಾಗಂತ ಇವನೇನು ಸಾಚಾನೇ? ಕೇಳಿದವರಿಗೆಲ್ಲ ಏರಿಸಿಕೊಟ್ಟೇ ಆ ಅಡ್ಡಹೆಸರು ಬಂದದ್ದು. ತನ್ನ ಕೈ ತಾಗಿದ ಕಾರ್ಡು ಕೆಟ್ಟ ದಾಖಲೆಯೇ ಇಲ್ಲ ಎಂಬ ಜಂಬ ಬೇರೆ. ಏರಿಸಿದ ಪ್ರತಿ ಕಂಪ್ಯೂಟರ್ ಪೆಟ್ಟಿಗೆಯೊಳಗೂ 'ಸ್ಪೀಡಣ್ಣ ಗ್ಯಾರಂಟಿ' ಎಂದು ಚೀಟಿ ಅಂಟಿಸುತ್ತಿದ್ದ.

ಅಂಥದ್ದೊಂದು ಪೆಟ್ಟಿಗೆಯನ್ನು ತಮ್ಮನಿಗೆ ಉಡುಗೊರೆ ಕೊಟ್ಟಿದ್ದ. ತಮ್ಮನ ಮನೆ ಬಸ್ಸಿನಲ್ಲಿ ಎರಡು ತಾಸು. ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಅವರವರ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾರ್ ರೇಸ್ ಆಡುತ್ತಿದ್ದರು. ಎಂಟನೆಯ ಸುತ್ತೋ ಒಂಬತ್ತನೆಯದೋ, ತಮ್ಮನ ಕಾರು ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಒಡನೆ ಫೋನು.

"ಅಣ್ಣಾ, ಮತ್ತೆ ನಿಂತುಹೋಯ್ತು. ಒಂದ್ಸಲ ಬಂದು ನೋಡೋ."

"ಸೋಲೋ ಹೊತ್ತಿಗೇ ನಿಲ್ಲುತ್ತಲ್ಲೋ ನಿಂದು! ಓಡಿಹೋಗೋಕೂ ಒಂದು ಮರ್ಯಾದೆ ಬೇಡ್ವಾ?"

ತಮ್ಮ ನಗುತ್ತಿದ್ದ. "ಓಡಿಹೋದೆ ಅಂತಾನೇ ಇಟ್ಕೋ. ಬಾ, ಬಂದು ಹಿಡಿ."

ಇವನು ಮುಂದಿನ ವಾರ ಎನ್ನುತ್ತಿದ್ದ. ಅಂಗಡಿ, ಗಿರಾಕಿ, ಸೊಂಟ ನೋವು, ನೆಪಕ್ಕೇನು ಬರವೇ? ಊರಿಗೆಲ್ಲ ಕೇಳುವ ಆ ಒಂದು ಪ್ರಶ್ನೆಯನ್ನು ತಮ್ಮನಿಗೆ ಮಾತ್ರ ಕೇಳಲಿಲ್ಲ. ಕೇಳುವುದೇನು, ಏರಿಸಿದವನು ತಾನೇ ಅಲ್ಲವೇ! ಹೀಗೆ ಎಂಟು ತಿಂಗಳು ಉರುಳಿದವು. ಒಂದು ಬುಧವಾರ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದ ತಮ್ಮ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ತಿಂಗಳು ಕಳೆದ ಮೇಲೆ ತಮ್ಮನ ಹೆಂಡತಿ ಫೋನ್ ಮಾಡಿದಳು. "ಭಾವಾ, ಮಗಳು ಅಪ್ಪನ ಗೇಮ್ ಆಡ್ತೀನಿ ಅಂತ ಕೂರ್ತಾಳೆ. ಮಧ್ಯದಲ್ಲಿ ನಿಂತುಹೋಗುತ್ತೆ, ಅಳ್ತಾಳೆ. ಬರ್ತೀರಾ?" ಮರುದಿನವೇ ಅಂಗಡಿಗೆ ಬೀಗ ಜಡಿದು ಹೊರಟ. ಬಸ್ಸು ಹೊರಟ ಮೇಲೆ ಗೊತ್ತಾಯಿತು, ಇಷ್ಟು ಸುಲಭವಿತ್ತು ಬರುವುದು.

ಮಗು ಶಾಲೆಗೆ ಹೋಗಿತ್ತು. ಕುರ್ಚಿಯ ಬೆನ್ನಿಗೆ ತಮ್ಮನ ಟವೆಲ್ಲು ಹಾಗೇ ನೇತಾಡುತ್ತಿತ್ತು. ಅದನ್ನು ಮುಟ್ಟದೆ ಕುರ್ಚಿಯ ತುದಿಯಲ್ಲಿ ಕೂತು ಪೆಟ್ಟಿಗೆ ಬಿಚ್ಚಿದ. ಧೂಳು ಊದಿದ. ವೈರು ಬದಲಿಸಿದ. ಮೆಮೊರಿ ಕಿತ್ತು ಬೇರೆ ಹಾಕಿದ. ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಹೊಸದು ತುಂಬಿದ. ಪ್ರತಿ ಸಲವೂ ಆಟ ಹಚ್ಚಿ ನೋಡಿದ, ಪ್ರತಿ ಸಲವೂ ಎಂಟೊಂಬತ್ತು ಸುತ್ತಿಗೆ ಪರದೆ ಕಪ್ಪಾಯಿತು. ಪೆಟ್ಟಿಗೆಯೊಳಗಿಂದ ಅವನದೇ ಗ್ಯಾರಂಟಿ ಚೀಟಿ ಅವನನ್ನು ನೋಡುತ್ತಿತ್ತು. ಅಯ್ಯೋ ಪುಣ್ಯಾತ್ಮ, ಇನ್ನೇನು ಉಳಿದಿದೆ ನೋಡೋಕೆ?

ಕೊನೆಗೆ ವೇಗವನ್ನು ಕಂಪನಿ ಕೊಟ್ಟಿದ್ದ ಮಟ್ಟಕ್ಕೆ ಇಳಿಸಿದ. ಒಂದು ನಿಮಿಷದ ಕೆಲಸ. ಎಂಟನೆಯ ಸುತ್ತು ದಾಟಿತು, ಒಂಬತ್ತು ದಾಟಿತು, ಇಪ್ಪತ್ತೂ ಮುಗಿದು ಕಾರು ಗೆರೆ ಮುಟ್ಟಿ ನಿಂತಿತು. ತಮ್ಮ ಓಡಿಹೋಗಿರಲಿಲ್ಲ. ಒಂದು ದಿನವೂ ಓಡಿಹೋಗಿರಲಿಲ್ಲ.

ಟೀ ತಂದವಳು ಪರದೆ ನೋಡಿ ನಿಂತಳು.

"ತಪ್ಪು ನಂದಮ್ಮ," ಎಂದ. "ನಾನು ಏರಿಸಿದ ಸ್ಪೀಡೇ ಜಾಸ್ತಿ ಆಗಿತ್ತು. ಪಾಪ, ಅವನಿಗೆ ಗೊತ್ತಾಗಲಿಲ್ಲ. ನಾನು ಆಡ್ಕೊಂಡು ನಕ್ಕೆ."

ಅವಳು ಟೀ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಅವರಿಗೆ ಗೊತ್ತಿತ್ತು ಭಾವಾ."

"ಏನಮ್ಮ?"

"ಮೊದಲನೇ ತಿಂಗಳೇ ಅದೇನೋ ಇಳಿಸಿ ಆಡಿದ್ರು. ನಿಲ್ಲಲೇ ಇಲ್ಲ. 'ನೋಡೇ, ಸರಿಹೋಯ್ತು' ಅಂತ ನನ್ನನ್ನೇ ಕರೆದು ತೋರಿಸಿದ್ರು. ಆಮೇಲೆ ಮತ್ತೆ ಮೊದಲಿದ್ದ ಹಾಗೇ ಏರಿಸಿಟ್ರು."

"ಯಾಕೆ?"

"ನಾನೂ ಅದನ್ನೇ ಕೇಳಿದೆ." ಅವಳು ಕುರ್ಚಿಯ ಮೇಲಿನ ಟವೆಲ್ಲನ್ನು ತೆಗೆದು ಮಡಿಸತೊಡಗಿದಳು. "'ಸರಿಹೋದ್ರೆ ಅಣ್ಣ ಯಾಕೆ ಬರ್ತಾನೆ' ಅಂದ್ರು."