ನಲವತ್ತೆಂಟನೇ ಪುಟದ ಆಚೆ

"ಈ ಪುಸ್ತಕ ಹೊಲಿದೋನ ತಲೇನೂ ಯಾರೋ ಹೀಗೇ ಹೊಲಿದಿರಬೇಕು. ಮುಂದಿನರ್ಧ ಒಬ್ಬನದು, ಹಿಂದಿನರ್ಧ ಇನ್ನೊಬ್ಬನದು."

ಶನಿವಾರದ ಬೆಳಗಿನ ಹೊತ್ತು. ಹೆಣ್ಣುಮಕ್ಕಳ ಶಾಲೆಯ ಸಭಾಂಗಣದಲ್ಲಿ, ಇನ್ನೂರು ಹುಡುಗಿಯರ ಎದುರು, ಶಾಲಾ ಸಮಿತಿಯ ಅಧ್ಯಕ್ಷರು ಒಂದು ಪುಸ್ತಕವನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎತ್ತಿ ತೋರಿಸುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ನಗು ಸಾಲಿನಿಂದ ಸಾಲಿಗೆ ದಾಟಿ ಮುಂದೆ ಬರುತ್ತದೆ. ಪುಸ್ತಕ ಹೊಲಿದವನು ಕಿಟಕಿಯ ಪಕ್ಕದ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಾನೆ. ಕೈಯಲ್ಲಿ ದಬ್ಬಳ, ಹಲ್ಲಿನ ನಡುವೆ ದಾರದ ತುದಿ. ಬಾಯಲ್ಲಿ ದಾರ ಕಚ್ಚಿಕೊಂಡವನು ಏನೆಂದು ಉತ್ತರ ಕೊಟ್ಟಾನು?

"ಮೂವತ್ತನೇ ಪುಟದಲ್ಲಿ ಈ ಕಥೆಯ ಡಾಕ್ಟರಮ್ಮನ ಅಪ್ಪ ಸಾಯ್ತಾನೆ," ಎನ್ನುತ್ತಾರೆ ಅಧ್ಯಕ್ಷರು. "ಅರವತ್ತನೇ ಪುಟದಲ್ಲಿ ಎದ್ದು ಬಂದು ಮಗಳ ವಿಮಾನಕ್ಕೆ ಕೈ ಬೀಸ್ತಾನೆ. ನನ್ನ ಮೊಮ್ಮಗಳು ಇದನ್ನ ಮನೆಗೆ ತಂದು ನನಗೇ ಪಾಠ ಹೇಳ್ತಾಳೆ, ಡಾಕ್ಟರಲ್ವಾ ತಾತ, ಬದುಕಿಸಿಕೊಂಡಿರ್ತಾಳೆ ಅಂತ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋನು ಹುಡುಗಿಯರಿಗೆ ಸಾಧಕಿಯರ ಕಥೆ ಹಂಚೋಕೆ ಹೊರಟ್ರೆ ಇನ್ನೇನಾಗುತ್ತೆ? ನೋಡಯ್ಯಾ, ಬರೋ ಶನಿವಾರದೊಳಗೆ ಇದನ್ನ ಸರಿ ಮಾಡ್ಕೊಂಡು ಬಾ. ಇಲ್ವೋ, ಈ ಮೂಲೆ ಖಾಲಿ ಮಾಡು."

ಎರಡನೇ ಸಾಲಿನಲ್ಲಿ ಕೂತಿರುವ ಆ ಮೊಮ್ಮಗಳ ಕಿವಿ ಕೆಂಪಗಾಗುತ್ತದೆ. ಹನ್ನೊಂದು ವರ್ಷ, ಕಡ್ಡಿಯಂಥ ಮೈ. ಶಾಲೆಯಲ್ಲೆಲ್ಲ ಅವಳನ್ನು ಗುಬ್ಬಿ ಎಂದೇ ಕರೆಯುತ್ತಾರೆ.

ಮೂಲೆಯಲ್ಲಿ ಕೂತವನಿಗೂ ಹುಡುಗಿಯರೇ ಇಟ್ಟ ಹೆಸರಿದೆ: ರಟ್ಟಣ್ಣ.

ಸೋಮವಾರ ಬೆಳಿಗ್ಗೆ ಐದೂವರೆಗೆ ರಟ್ಟಣ್ಣನ ಅಂಗಡಿಯ ಸ್ಟೌ ಮೇಲೆ ಮೈದಾ ಅಂಟು ಕುದಿಯುತ್ತಿದೆ. ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಉದ್ದ ಹನ್ನೊಂದಡಿ, ಅಗಲ ಎಂಟಡಿ, ಒಳಗಿನ ತುದಿಗೆ ಹೋಗಬೇಕಾದರೆ ಬಗ್ಗಲೇಬೇಕು. ಇಪ್ಪತ್ತೆಂಟು ವರ್ಷ ಬಗ್ಗಿದವನಿಗೆ ಈಗ ಬೀದಿಯಲ್ಲಿ ನಡೆಯುವಾಗಲೂ ತಲೆ ಸ್ವಲ್ಪ ವಾಲಿಕೊಂಡೇ ಇರುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತ ಬೀಳುತ್ತದೆ, ಹುಳ ಹತ್ತಬಾರದೆಂದು. ಗೋಡೆಗೆ ರಟ್ಟಿನ ಹಾಳೆಗಳು ಒರಗಿವೆ. ಯೂನಿಫಾರಂ ಹೊಲಿಯುವ ಕಾರ್ಖಾನೆಯಿಂದ ಹೆಂಡತಿ ತಂದ ಚೂರು ಬಟ್ಟೆಗಳು ಬಣ್ಣದ ಪ್ರಕಾರ ಡಬ್ಬಗಳಲ್ಲಿ ತುಂಬಿವೆ. ಅವೇ ಪುಸ್ತಕಗಳ ಬೆನ್ನಿಗೆ.

"ಪುಸ್ತಕ ಆಗ್ಲಿ ಮನುಷ್ಯ ಆಗ್ಲಿ, ಮೊದ್ಲು ಸೋಲೋದು ಬೆನ್ನೇ," ಎನ್ನುತ್ತಾನೆ ರಟ್ಟಣ್ಣ, ಹರಿದ ದಪ್ಪ ರಿಜಿಸ್ಟರೊಂದರ ಬೆನ್ನನ್ನು ಬೆರಳಲ್ಲಿ ಸವರುತ್ತ. "ಅದೊಂದು ಗಟ್ಟಿ ಮಾಡಿಬಿಟ್ರೆ ಉಳಿದದ್ದು ಹಾಳೆ ತಾನೇ ನೋಡ್ಕೊಳ್ಳುತ್ತೆ."

ದಿನಕ್ಕೆ ಹದಿನಾಲ್ಕು ಬೈಂಡಿಂಗ್ ಅವನ ಹೊಟ್ಟೆಪಾಡು. ಹದಿನೈದನೆಯದು ಹುಡುಗಿಯರದು, ಅದು ವಾರಕ್ಕೊಂದು ಮುಗಿದರೆ ಹೆಚ್ಚು. ರದ್ದಿ ಅಂಗಡಿಗೆ ಬಂದ ಪುಸ್ತಕಗಳ ರಾಶಿಯಿಂದ ಅವನು ಆರಿಸುವುದು ಒಂದೇ ಜಾತಿಯವು: ಹೆಣ್ಣೊಬ್ಬಳು ಏನಾದರೂ ಮಾಡಿದ ಕಥೆ. ಗಣಿತ ಕಲಿತವಳು, ಹಡಗು ನಡೆಸಿದವಳು, ನ್ಯಾಯಾಲಯದಲ್ಲಿ ಗಂಡಸರ ಬಾಯಿ ಮುಚ್ಚಿಸಿದವಳು, ಬೆಟ್ಟ ಹತ್ತಿದವಳು, ಸೇತುವೆ ಕಟ್ಟಿದವಳು. ರಟ್ಟು ಹೋಗಿರುತ್ತದೆ, ಮೂಲೆ ಗೆದ್ದಲು ತಿಂದಿರುತ್ತದೆ, ನಡುವೆ ಯಾರದೋ ಟೀ ಲೋಟದ ಗುರುತು ಇರುತ್ತದೆ. ಅವನ್ನು ಬಿಚ್ಚಿ, ಒರೆಸಿ, ಹೊಲಿದು, ಹೊಸ ರಟ್ಟು ಹಾಕಿ ಶನಿವಾರ ಶಾಲೆಗೆ ಒಯ್ಯುತ್ತಾನೆ. ಏಳು ವರ್ಷದಲ್ಲಿ ಮುನ್ನೂರ ಹನ್ನೆರಡು ಪುಸ್ತಕ. ಪ್ರತಿ ಶನಿವಾರ ಮೂಲೆಗೆ ಬರುವವರು ಈಗ ನಲವತ್ತಾರು ಹುಡುಗಿಯರು. ಭಾಷಣವಿಲ್ಲ, ಬೋಧನೆಯಿಲ್ಲ. ಒಬ್ಬಳು ಗಟ್ಟಿಯಾಗಿ ಓದುತ್ತಾಳೆ, ಉಳಿದವರು ಕೇಳುತ್ತಾರೆ, ರಟ್ಟಣ್ಣ ಕೇಳುತ್ತ ಹೊಲಿಯುತ್ತಾನೆ.

ಅದೇ ಸಭಾಂಗಣದ ಇನ್ನೊಂದು ಗೋಡೆಗೆ ಗಾಜಿನ ಕಪಾಟೊಂದಿದೆ. ಅದರ ತುಂಬ ಹೊಳೆಯುವ ರಟ್ಟಿನ ಹೊಸ ಪುಸ್ತಕಗಳು, ಅವುಗಳಲ್ಲೂ ಮಹಾಸಾಧಕಿಯರು. ಕಪಾಟಿಗೆ ಹಿತ್ತಾಳೆ ಬೀಗ. ಕೀಲಿ ಅಧ್ಯಕ್ಷರ ಜೇಬಿನಲ್ಲಿ. ಹುಡುಗಿಯರು ಮುಟ್ಟಿದರೆ ಕೊಳೆಯಾಗುತ್ತವಂತೆ. ಲೋಕವನ್ನೇ ಎದುರು ಹಾಕಿಕೊಂಡು ಮನೆಯ ಹೊಸಿಲು ದಾಟಿದ ಹೆಂಗಸರನ್ನು ಹಿಡಿದು ಮತ್ತೆ ಬೀಗದೊಳಗೆ ನಿಲ್ಲಿಸುವುದಕ್ಕೆ ಎಷ್ಟು ಓದಿರಬೇಕೋ, ನಾಲ್ಕನೇ ಕ್ಲಾಸಿನವನಿಗೆ ಮಾತ್ರ ಆ ಬುದ್ಧಿ ಬರಲಿಲ್ಲ.

ಕೊಳೆಯ ವಿಷಯ ರಟ್ಟಣ್ಣನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮತ್ತೆ ಮತ್ತೆ ಹೊಲಿಗೆಗೆ ಬರುವ ಪುಸ್ತಕಗಳನ್ನು ಅವನು ಬೆಳಕಿಗೆ ಹಿಡಿದು ನೋಡುತ್ತಾನೆ. ಒಂದೊಂದು ಪುಸ್ತಕದಲ್ಲಿ ಒಂದು ಪುಟದ ಅಂಚು ಮಾತ್ರ ಬೆರಳ ಗುರುತಿನಿಂದ ಕಪ್ಪಾಗಿರುತ್ತದೆ. "ಮದುವೆ ಆಗಿದ್ದಲ್ಲ, ಬಹುಮಾನ ಬಂದಿದ್ದೂ ಅಲ್ಲ," ಎನ್ನುತ್ತಾನೆ ಅವನು. "ಅವಳು ಮೊದಲನೇ ಸಲ 'ಆಗಲ್ಲ' ಅಂತಾಳಲ್ಲ, ಆ ಪುಟ. ಯಾವ ಪುಸ್ತಕ ತಗೊಳ್ಳಿ, ಅದೇ ಪುಟ ಕೊಳೆ. ಹಡಗಿನವಳ ಪುಸ್ತಕದಲ್ಲಿ ಆ ಹಾಳೆ ಸವೆದು ಎರಡು ಸಲ ಅಂಚು ಕಟ್ಟಿದೀನಿ." ಹೇಳುವಾಗ ಅವನ ದನಿ, ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಹೇಳುವವನ ದನಿ.

ಇದಕ್ಕೆಲ್ಲ ಮೊದಲು ಅಕ್ಕ ಇದ್ದಳು. ಈಗಲೂ ಇದ್ದಾಳೆ, ಅಂಗಡಿಯ ಹಿಂದಿನ ಮನೆಯಲ್ಲಿ, ಕಣ್ಣು ಮಂಜಾಗಿ. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ತಮ್ಮನಿಗೆ ಒಂಬತ್ತು. ಅಕ್ಕ ಒಂದು ಪ್ರೆಸ್ಸಿನಲ್ಲಿ ಫಾರಂ ಮಡಚುವ ಕೆಲಸಕ್ಕೆ ಸೇರಿದಳು. ಹದಿನಾರು ಪುಟ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬರುತ್ತದೆ. ಮೂರು ಸಲ ಮಡಚಿದರೆ ಒಂದು ಫಾರಂ. ಫಾರಂಗಳನ್ನು ಸರದಿಯಲ್ಲಿ ಜೋಡಿಸಿ ಹೊಲಿದರೆ ಪುಸ್ತಕ. ಆದರೆ ಮಡಚುವವಳ ಕೈಗೆ ಪುಸ್ತಕ ಎಂದೂ ಬರುವುದಿಲ್ಲ. ಬರುವುದು ಒಂದೇ ಫಾರಂ, ಸಾವಿರ ಸಲ. ಒಂದು ವರ್ಷ ಅಕ್ಕನ ಪಾಲಿಗೆ ಬಂದದ್ದು ಲೇಡಿ ಡಾಕ್ಟರೊಬ್ಬಳ ಜೀವನಚರಿತ್ರೆಯ ಮೂರನೇ ಫಾರಂ: ಪುಟ ಮೂವತ್ತಮೂರರಿಂದ ನಲವತ್ತೆಂಟು. ಹೊಳೆ ಉಕ್ಕಿದೆ, ಆಚೆ ದಡದಲ್ಲಿ ಹೆರಿಗೆ ನೋವಿನ ಹೆಂಗಸಿದ್ದಾಳೆ, ಅಂಬಿಗ ದೋಣಿ ಬಿಡಲಾರೆ ಎನ್ನುತ್ತಾನೆ. "ಆಕೆ ಆಚೆ ದಡವನ್ನು ನೋಡಿದಳು." ಅಲ್ಲಿಗೆ ನಲವತ್ತೆಂಟನೇ ಪುಟ ಮುಗಿಯುತ್ತದೆ.

ಮುಂದೇನಾಯಿತು? ಅಕ್ಕನಿಗೆ ಗೊತ್ತಿಲ್ಲ. ಮೇಸ್ತ್ರಿಯನ್ನು ಕೇಳಿದರೆ, "ಮಡಚೋಕೆ ಸಂಬಳ, ಓದೋಕಲ್ಲ" ಎಂದ. ಅವಳು ರಾತ್ರಿ ತಮ್ಮನಿಗೆ ಕಥೆ ಹೇಳುವಾಗ ದಿನಕ್ಕೊಂದು ರೀತಿ ಹೊಳೆ ದಾಟಿಸಿದಳು. ಒಂದು ದಿನ ಬಾಳೆಯ ತೆಪ್ಪದಲ್ಲಿ, ಒಂದು ದಿನ ಎಮ್ಮೆಯ ಬೆನ್ನ ಮೇಲೆ, ಒಂದು ದಿನ ಅಂಬಿಗನ ಕಪಾಳಕ್ಕೆ ಬಿಗಿದು ಹುಟ್ಟನ್ನು ತಾನೇ ಹಿಡಿದು.

ಇದು ಗೊತ್ತಾದ ಮೇಲೆ ಅವನ ತಪ್ಪು ಅರ್ಥವಾಗುತ್ತದೆ. ಹೋದ ವರ್ಷ ರದ್ದಿಯಲ್ಲಿ ಆ ಡಾಕ್ಟರು ಸಿಕ್ಕಳು. ರಟ್ಟಿಲ್ಲ, ಮೊದಲ ಮೂರು ಫಾರಂ ಮಾತ್ರ. ಅದೇ ರಾಶಿಯ ಕೆಳಗೆ ಅದೇ ಅಳತೆ, ಅದೇ ಅಕ್ಷರ, ಅದೇ ಪ್ರೆಸ್ಸಿನ ಇನ್ನೂ ಮೂರು ಫಾರಂ: ನಾಲ್ಕು, ಐದು, ಆರು. ಬೈಂಡಿಂಗಿನವನು ಸರದಿ ಕೂಡಿಸುವಾಗ ಅಕ್ಷರ ಓದುವುದಿಲ್ಲ, ಫಾರಂನ ಅಡಿಯಲ್ಲಿರುವ ಸಣ್ಣ ಅಂಕಿ ನೋಡುತ್ತಾನೆ. ಅಂಕಿ ಸರಿಯಾಗಿತ್ತು. ಹೊಲಿದ. ಆ ಸಂಜೆಯೇ ಹೆಂಡತಿಯ ಕೈಲಿ ಅಕ್ಕನಿಗೆ ಹೊಳೆಯ ಭಾಗ ಓದಿಸಿದ. ನಲವತ್ತೆಂಟನೇ ಪುಟದಲ್ಲಿ ಆಕೆ ಆಚೆ ದಡವನ್ನು ನೋಡಿದಳು. ನಲವತ್ತೊಂಬತ್ತರಲ್ಲಿ, "ಇಂಜಿನ್ ಗುಡುಗಿತು. ಕೆಳಗೆ ಹೊಳೆ ದಾರದ ಎಳೆಯಂತೆ ಕಂಡಿತು."

ಅಕ್ಕ ಚಪ್ಪಾಳೆ ತಟ್ಟಿ ನಕ್ಕಿದ್ದಳು. "ಅಯ್ಯೋ ಮಾರಾಯ್ತಿ, ವಿಮಾನ ಹತ್ತಿಬಿಟ್ಲಾ. ನನಗೆ ಹೊಳೀಲೇ ಇಲ್ವಲ್ಲೋ."

"ನನಗೂ ಅನುಮಾನ ಬರಲಿಲ್ಲ," ಎನ್ನುತ್ತಾನೆ ರಟ್ಟಣ್ಣ. "ಒಬ್ಬಳೇ ಹೆಂಗಸು ಎರಡು ಕೆಲಸ ಮಾಡೋದು ಏನು ದೊಡ್ಡದು? ನಮ್ಮಕ್ಕ ನಾಲ್ಕು ಮಾಡ್ತಿದ್ಲು."

ಸೋಮವಾರ ಸಂಜೆ ಅವನು ಅಕ್ಕನ ಎದುರು ಕೂತು ನಿಜ ಹೇಳುತ್ತಾನೆ. ಅದು ಇಬ್ಬರು ಹೆಂಗಸರ ಕಥೆ, ಹೊಲಿದದ್ದು ತಾನು, ಹೊಳೆ ಇನ್ನೂ ದಾಟಿಲ್ಲ ಎಂದು. ಅಕ್ಕನ ಬೆರಳುಗಳು ಮಡಿಲಲ್ಲಿದ್ದ ಹಳೆಯ ಪೇಪರನ್ನು ಮಡಚುತ್ತಿರುತ್ತವೆ, ಅಂಚಿಗೆ ಅಂಚು ಕೂರಿಸಿ.

"ಹಾಗಾದ್ರೆ ಬಿಚ್ಚು," ಎನ್ನುತ್ತಾಳೆ ಕೊನೆಗೆ.

"ನಿನಗೆ ಬೇಜಾರಿಲ್ವಾ?"

"ಇದೆ ಕಣೋ. ಇಲ್ದೆ ಏನು? ನಲವತ್ತು ವರ್ಷ ಕಾದಿದ್ದೆ, ಇನ್ನೂ ಕಾಯ್ತೀನಿ. ಆ ವಿಮಾನದವಳಿಗೂ ಒಂದು ಬಾಲ್ಯ ಇತ್ತಲ್ಲ, ಅದರ ಜಾಗದಲ್ಲಿ ಈ ಡಾಕ್ಟರ ಬಾಲ್ಯ ಹೊಲಿದುಬಿಟ್ಟಿದೀಯ. ತಪ್ಪಲ್ವಾ?"

"ಅಧ್ಯಕ್ಷರು ಹೇಳಿದ್ದು ಇಷ್ಟು ಚೆನ್ನಾಗಿರಲಿಲ್ಲ ನೋಡಿ," ಎಂದು ಒಲೆಯ ಹತ್ತಿರದಿಂದ ಹೆಂಡತಿ ಸೇರಿಸುತ್ತಾಳೆ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಅಂಗಡಿಯ ಬಾಗಿಲಲ್ಲಿ ಐವರು ಹುಡುಗಿಯರು ನಿಲ್ಲುತ್ತಾರೆ, ಮುಂದೆ ಗುಬ್ಬಿ. ರಟ್ಟಣ್ಣ ಬ್ಲೇಡಿನಿಂದ ಹೊಲಿಗೆ ಕತ್ತರಿಸುತ್ತಿದ್ದಾನೆ. ಪುಸ್ತಕ ಎರಡಾಗಿ ಬಿದ್ದದ್ದನ್ನು ಕಂಡು ಅವಳ ಮುಖ ಚಿಕ್ಕದಾಗುತ್ತದೆ.

"ಬಿಚ್ಚೇಬಿಟ್ರಾ ರಟ್ಟಣ್ಣ? ನಮ್ಮ ತಾತ ಬೈದಿದ್ದಕ್ಕಾ?"

"ನಿಮ್ಮ ತಾತ ಬೈದಿದ್ದಕ್ಕಲ್ಲ. ಅವರು ಹೇಳಿದ್ದು ನಿಜ, ಅದಕ್ಕೆ."

"ಮತ್ತೆ ನಾನು? ಡಾಕ್ಟರಾಗಿ ವಿಮಾನ ಹೊಡೀತೀನಿ ಅಂತ ಮನೇಲೆಲ್ಲ ಹೇಳಿಬಿಟ್ಟಿದೀನಿ. ಅಂಥವರು ಯಾರೂ ಇರಲೇ ಇಲ್ಲ ಅಂದ್ರೆ?"

ರಟ್ಟಣ್ಣ ಬ್ಲೇಡು ಕೆಳಗಿಡುತ್ತಾನೆ. "ನಿನ್ನ ಆಸೆ ನಾನು ಹೊಲಿದದ್ದಲ್ಲ ಪುಟ್ಟಿ, ನಾನು ಬಿಚ್ಚಿದ್ರೆ ಹೋಗೋಕೆ."

ಅಷ್ಟು ಹೇಳಿ ಅವನು ಒಳಗಿನಿಂದ ದೊಡ್ಡ ಬಿಳಿ ಹಾಳೆಗಳನ್ನು ತರುತ್ತಾನೆ. ಹಿಂದಿನ ಮನೆಯಿಂದ ಅಕ್ಕನನ್ನು ಕೈಹಿಡಿದು ಕರೆತಂದು ಕೂರಿಸುತ್ತಾನೆ. ಅಕ್ಕ ಹಾಳೆಯನ್ನು ಮೂರು ಸಲ ಮಡಚುತ್ತಾಳೆ. ಕಣ್ಣಿರುವವರ ಮಡಿಕೆ ಅಷ್ಟು ನೇರ ಬರುವುದಿಲ್ಲ. ಒಂದು ಖಾಲಿ ಫಾರಂ ಡಾಕ್ಟರಿಗೆ, ನಲವತ್ತೆಂಟರ ಮುಂದೆ. ಒಂದು ವಿಮಾನದವಳಿಗೆ, ನಲವತ್ತೊಂಬತ್ತರ ಹಿಂದೆ. ಎರಡು ಖಾಲಿ ಫಾರಂ ಕೈಗೆ ಸಿಕ್ಕದ್ದೇ ತಡ, ಐವರೂ ಒಟ್ಟಿಗೆ ಮಾತಾಡತೊಡಗುತ್ತಾರೆ.

"ಈಜಿಕೊಂಡು ಹೋದ್ಲು ಅಂತ ಬರಿ."

"ಸೀರೆ ಉಟ್ಟು ಹೇಗೆ ಈಜ್ತಾಳೆ, ಪೆದ್ದಿ? ನೀನು ಈಜಿದೀಯಾ?"

"ಎಮ್ಮೆ ಕೇಳ್ರೇ," ಎಂದು ಅಕ್ಕ ನಡುವೆ ಬಾಯಿ ಹಾಕುತ್ತಾಳೆ. "ನನ್ನ ಹತ್ರ ಒಳ್ಳೇ ಎಮ್ಮೆ ಇದೆ."

ಬುಧವಾರ ಹುಡುಗಿಯರು ಹದಿನೇಳು ಮಂದಿಯಾಗುತ್ತಾರೆ. ಗುರುವಾರ ಬೀದಿಯವರೆಗೂ ಚಪ್ಪಲಿ. ಹದಿನಾಲ್ಕು ಬೈಂಡಿಂಗ್ ಆಗಬೇಕಾದ ದಿನ ಆರಾಗುತ್ತವೆ, ಗಿರಾಕಿಗಳು ಗೊಣಗುತ್ತಾರೆ, ರಟ್ಟಣ್ಣ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶುಕ್ರವಾರ ಸಂಜೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ. ಹುಡುಗಿಯರ ಕಥೆಯಲ್ಲಿ ಡಾಕ್ಟರು ಊರಿನ ಹೆಂಗಸರನ್ನೆಲ್ಲ ಕೂಗಿ ಕರೆಯುತ್ತಾಳೆ; ಬಾವಿಯ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ, ಅದನ್ನು ಹಿಡಿದು ದಾಟುತ್ತಾಳೆ. ಎಮ್ಮೆಯೂ ಇದೆ, ಹಗ್ಗ ಎಳೆಯುವುದಕ್ಕೆ.

"ಇದು ಆಗಬಹುದು," ಎನ್ನುತ್ತಾಳೆ ಅಕ್ಕ. ಇಷ್ಟು ವರ್ಷ ದಡದಲ್ಲೇ ನಿಂತಿದ್ದವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಶನಿವಾರ ಮತ್ತೆ ಅದೇ ಸಭಾಂಗಣ, ಅದೇ ಇನ್ನೂರು ಹುಡುಗಿಯರು. ರಟ್ಟಣ್ಣ ಮೇಜಿನ ಮೇಲೆ ಪುಸ್ತಕಗಳನ್ನಿಡುತ್ತಾನೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ತೆರೆಯುತ್ತಾರೆ. ಒಳರಟ್ಟಿನ ಮೇಲೆ ದುಂಡಕ್ಷರದಲ್ಲಿ ಬರೆದಿದೆ: ನಲವತ್ತೆಂಟರವರೆಗೆ ಅಚ್ಚಾದದ್ದು, ಮುಂದಿನದು ನಾವು ಊಹಿಸಿದ್ದು, ನಿಜವಾದ ಪುಟ ಸಿಕ್ಕವರು ದಯವಿಟ್ಟು ತಂದುಕೊಡಿ. ಎರಡನೆಯದರಲ್ಲೂ ಹಾಗೇ, ಹಿಂದುಮುಂದಾಗಿ. ತಪ್ಪು ಹುಡುಕಲು ಬಂದ ಬೆರಳು ಪುಟದಿಂದ ಪುಟಕ್ಕೆ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮೂವತ್ತನೇ ಪುಟದಲ್ಲಿ ಸತ್ತ ಅಪ್ಪ ಸತ್ತೇ ಇದ್ದಾನೆ.

"ಇದೇನು ಮೂರನೇದು? ನಾನು ಕೊಟ್ಟಿದ್ದು ಒಂದು."

ಮೂರನೆಯದು ತೆಳ್ಳಗಿದೆ. ಒಂದೇ ಫಾರಂ, ಯೂನಿಫಾರಂ ನೀಲಿಯ ಬೆನ್ನು. ಮೊದಲ ಪುಟದಲ್ಲಿ ಕೈಯಲ್ಲಿ ಔಷಧದ ಚೀಲ ಹಿಡಿದು ವಿಮಾನ ಹತ್ತುತ್ತಿರುವ ಕಡ್ಡಿಯಂಥ ಹುಡುಗಿಯ ಚಿತ್ರ. ಎರಡು ಪುಟ ಬರಹ. ಉಳಿದ ಹದಿಮೂರು ಖಾಲಿ.

"ಇದು ಯಾರ ಜೀವನಚರಿತ್ರೆ?"

ಎರಡನೇ ಸಾಲಿನಲ್ಲಿ ಗುಬ್ಬಿ ಎದ್ದು ನಿಲ್ಲುತ್ತಾಳೆ. ಕಿವಿ ಕೆಂಪಗಾಗಿದೆ, ಈ ಸಲ ತಲೆ ಮೇಲಿದೆ. "ನಂದು ತಾತ. ಇನ್ನೂ ಆಗಿಲ್ಲ."

ಸಭಾಂಗಣದಲ್ಲಿ ಯಾರೂ ನಗುವುದಿಲ್ಲ. ಅಧ್ಯಕ್ಷರು ಪುಸ್ತಕವನ್ನು ತಿರುಗಿಸಿ ಬೆನ್ನು ನೋಡುತ್ತಾರೆ, ಹೊಲಿಗೆ ಎಳೆದು ನೋಡುತ್ತಾರೆ, ಖಾಲಿ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಾರೆ. ಕಪಾಟಿನ ಕೀಲಿ ಇರುವ ಜೇಬಿನ ಮೇಲೆ ಕೈ ಒಮ್ಮೆ ಹೋಗಿ ವಾಪಸು ಬರುತ್ತದೆ. ಏನಾದರೂ ಹೇಳಲೇಬೇಕಲ್ಲ, ಅಧ್ಯಕ್ಷರು.

"ಏನಯ್ಯಾ," ಎನ್ನುತ್ತಾರೆ, ದನಿಯಲ್ಲಿ ಮೊದಲಿನ ಬಿಗಿ ಇಲ್ಲ. "ಆಗದೇ ಇರೋದಕ್ಕೆಲ್ಲ ರಟ್ಟು ಹಾಕಿದೀಯಲ್ಲ, ನಾಳೆ ಇದೂ ತಪ್ಪು ಅಂತಾದ್ರೆ ಯಾರು ಬಿಚ್ತಾರೆ?"

ರಟ್ಟಣ್ಣ ದಬ್ಬಳದ ಡಬ್ಬ ಎತ್ತಿಕೊಳ್ಳುತ್ತಾನೆ. ಹಲ್ಲಿನ ನಡುವೆ ಇವತ್ತು ದಾರವಿಲ್ಲ, ಬಾಯಿ ಖಾಲಿಯೇ ಇದೆ. ತಲೆ ಸ್ವಲ್ಪ ವಾಲಿಸಿಕೊಂಡು ಅಧ್ಯಕ್ಷರ ಮುಂದಿನಿಂದಲೇ ನಡೆದು, ಕಿಟಕಿಯ ಪಕ್ಕದ ತನ್ನ ಮೂಲೆಯ ಕಡೆ ಹೊರಟುಬಿಡುತ್ತಾನೆ. ಅಲ್ಲಿ ಚಾಪೆ ಆಗಲೇ ಹಾಸಿದೆ. ನಲವತ್ತಾರು ಹುಡುಗಿಯರು ಸರಿದು ಅವನಿಗೆ ಜಾಗ ಬಿಡುತ್ತಿದ್ದಾರೆ.